ತೊಳೆದಷ್ಟೂ ಹರಡಿದ ಕಲೆ

ಮೊದಲ ನೋಟಕ್ಕೆ ಲಾಭದ ಗಿರಾಕಿ ಎನ್ನುವಂಥ ಆಸಾಮಿಯಲ್ಲ ಇಸ್ತ್ರಿ ಅಕ್ಕ. ಮೈಯಲ್ಲಿ ತೂಕವಿಲ್ಲ, ನಾಲಿಗೆ ಕಾದ ಇಸ್ತ್ರಿಪೆಟ್ಟಿಗೆ, ಚೌಕಾಸಿಗೆ ನಿಂತರೆ ಅಂಗಡಿಯವನೇ ಅಂಗಡಿ ಬಿಟ್ಟು ಓಡಬೇಕು. ಕಣ್ಣು ಮಾತ್ರ ಒಂದನೇ ದರ್ಜೆಯ ಮಾಲು. ಒಗೆದು ಇಸ್ತ್ರಿ ಮಾಡಲು ಬಂದ ಬಟ್ಟೆಯ ಗಂಟು ಪೂರ್ತಿ ಬಿಚ್ಚುವ ಮೊದಲೇ ಯಾವ ಅಂಗಿಯ ತೋಳಿಗೆ ಶಾಯಿ ತಾಗಿದೆ ಎಂದು ಹೇಳಿಬಿಡುತ್ತಿದ್ದಳು.

ತೀರಿಕೊಂಡ ಗಂಡ ನೆಟ್ಟಿದ್ದ ಬ್ಲೂಬೆರಿ ಗಿಡಗಳ ಎಲೆಯ ಮೇಲೆ ಕಂದು ಚುಕ್ಕೆ ಬಂದದ್ದೂ ಆ ಕಣ್ಣಿಗೇ ಮೊದಲು ಬಿತ್ತು. ಗಿಡಗಳಿದ್ದದ್ದು ಅವಳಿಗೂ ಮೈದುನನಿಗೂ ಸೇರಿದ ಅಂಗಳದಲ್ಲಿ. ಅವನಿಗೋ ಅಲ್ಲಿ ಕಾರು ನಿಲ್ಲಿಸುವ ಆಸೆ.

"ಈ ಸಲ ಬೋಳಾದ್ರೆ ಬೇರುಸಮೇತ ಕಿತ್ತು ಹಾಕ್ತೀನಿ ಅತ್ತಿಗೆ. ಸತ್ತ ಗಿಡಕ್ಕೆ ಜಾಗ ಯಾಕೆ?"

"ನೀನೇ ಏನೋ ಸುರಿದಿದ್ದೀಯ. ನಿನ್ನ ಕೈ ಸೋಕಿದ್ದು ಯಾವುದು ಉದ್ಧಾರ ಆಗಿದೆ?"

ಕಲೆ ಕಂಡರೆ ತೊಳೆಯುವುದು ಅವಳ ಕಸುಬು. ದಿನಾ ಸಂಜೆ ಪೈಪು ಹಿಡಿದು ಗಿಡಗಳಿಗೆ ನೆತ್ತಿಯಿಂದ ಸ್ನಾನ ಮಾಡಿಸಿದಳು, ಎಲೆ ಎಲೆಯನ್ನೂ ಬೆರಳಲ್ಲಿ ಉಜ್ಜಿದಳು. ತೊಳೆದಷ್ಟೂ ಚುಕ್ಕೆ ಹರಡಿತು. ಅಂಗಡಿಯಿಂದ ಔಷಧಿ ತಂದು ಹೊಡೆದ ಸಂಜೆಯೂ ತೊಳೆದಳು. ಆಮೇಲೆ ಬಾಟಲಿಯನ್ನು ಗಿಡದ ಔಷಧಿ ಅಂಗಡಿಯವನ ಮೇಜಿನ ಮೇಲೆ ಕುಕ್ಕಿದಳು.

"ಇದು ಔಷಧಿನೋ, ಬಣ್ಣದ ನೀರೋ?"

"ಬೇರೆ ಯಾರೂ ಬೈದಿಲ್ಲ ಅಕ್ಕಾ."

"ಅವರಿಗೆ ಬೈಯೋಕೆ ಬರಲ್ಲ, ಅದಕ್ಕೆ."

ಗಿಡಗಳು ಅರ್ಧ ಬೋಳಾದವು. ಮೈದುನ ಗುದ್ದಲಿ ತಂದು ಗೋಡೆಗೆ ಒರಗಿಸಿದ. ಅದೂ ಸಾಲದೆಂದು, ನೀರು ಪೋಲಾಗುತ್ತಿದೆ ಎಂಬ ನೆಪ ಹೇಳಿ ಅಂಗಳದ ನಲ್ಲಿಯ ಹಿಡಿಯನ್ನೇ ಬಿಚ್ಚಿ ಜೇಬಿಗಿಳಿಸಿದ. ಅಕ್ಕ ಅವನ ಏಳು ತಲೆಮಾರನ್ನು ಜಾಲಾಡಿದಳು. ಅದರೊಳಗೆ ತನ್ನ ಗಂಡನೂ ಬರುತ್ತಾನೆಂಬುದು ಆಮೇಲೆ ಹೊಳೆಯಿತು.

ಇನ್ನು ಅಡುಗೆಮನೆಯಿಂದ ಚೊಂಬಿನಲ್ಲಿ ನೀರು ಹೊರಬೇಕು. ನೆತ್ತಿಗೆ ಸುರಿಯುವಷ್ಟು ಎಲ್ಲಿಂದ ತರುವುದು? ಬುಡಕ್ಕಷ್ಟೇ ಹೊಯ್ದಳು. ಬಗ್ಗಿದಾಗ ಅಡಿಯಲ್ಲಿ ಕೊಳೆತ ಎಲೆಗಳ ರಾಶಿ ಕಂಡಿತು, ಬಳಿದು ಸುಟ್ಟಳು. ಹೆಣೆದುಕೊಂಡಿದ್ದ ಕೊಂಬೆಗಳನ್ನು ಕತ್ತರಿಸಿ ಗಾಳಿಗೆ ದಾರಿ ಬಿಟ್ಟಳು.

ಹೊಸ ಎಲೆ ಬಂತು. ಅಂಗಿಯ ಮಡಿಕೆ ಬಿಚ್ಚಿ ನೋಡುವ ಹಾಗೆ ಮಗುಚಿ ನೋಡಿದಳು. ಚುಕ್ಕೆಯಿಲ್ಲ. ಒದ್ದೆ ಎಲೆಯೇ ರೋಗದ ತವರೆಂದು ಆಗ ಅರ್ಥವಾಯಿತು. ಅದನ್ನು ತನಗೆ ಕಲಿಸಿದ್ದು ಮೈದುನನ ಕಿಡಿಗೇಡಿತನ ಎಂಬುದಕ್ಕೆ ಮೈ ಉರಿಯಿತು.

ಅವನಿಗೂ ಅರ್ಥವಾಗಿತ್ತು. ನಲ್ಲಿಯ ಹಿಡಿ ತಂದು ಅವಳ ಕಾಲ ಬಳಿ ಎಸೆದ. "ತಗೊಳ್ಳಿ ಅತ್ತಿಗೆ, ಮನಸಾರೆ ತೊಳೀರಿ!"

"ನಿನ್ನ ಮುಖ ತೊಳ್ಕೋ ಹೋಗು."

ಗುದ್ದಲಿ ಒಳಗೆ ಹೋಯಿತು, ಕಾರು ಬೀದಿಯಲ್ಲೇ ನಿಂತಿತು. ಇಬ್ಬರಿಗೂ ಇಂದಿಗೂ ಮಾತಿಲ್ಲ.

ಇಷ್ಟನ್ನೂ ಅಕ್ಕ ಔಷಧಿ ಅಂಗಡಿಗೆ ಬಂದು ಬೈಗುಳದಲ್ಲೇ ಒಪ್ಪಿಸಿದಳು: "ನೀರು ಎಲ್ಲಿಗೆ ಹಾಕ್ತೀಯ ಅಂತ ಒಂದು ಮಾತು ಕೇಳೋಕೆ ನಿನಗೇನು ಬಾಯಿ ಬಿದ್ದುಹೋಗಿತ್ತಾ?"

ಆ ಅಂಗಡಿಯವನೇ ಇದನ್ನು ಬರೆದವನು. ಈಗ ಔಷಧಿ ಕೊಡುವ ಮೊದಲು ಆ ಒಂದು ಮಾತು ಕೇಳುತ್ತಾನೆ. ಅವನಿಗೆ ಅದನ್ನು ಕಲಿಸಿದವಳು ಇಸ್ತ್ರಿ ಅಕ್ಕ. ಅಷ್ಟು ಋಣ ಅವನ ಮೇಲಿದೆ.