ಹಡಗಿನಲ್ಲಿ ಬಂದ ಬಿಲ್ಲು

ಹೋದ ತಿಂಗಳು ನಮ್ಮ ಮನೆಗೆ ಹಡಗಿನಲ್ಲಿ ಒಂದು ಬಿಲ್ಲು ಬಂತು. ಅದು ಬಂದಂದಿನಿಂದ ಮನೆಯಲ್ಲಿ ಒಬ್ಬರು ಹೆಚ್ಚಾಗಿದ್ದಾರೆ.

ನಗಬೇಡಿ. ದೆವ್ವ ಭೂತ ನಂಬುವವನಲ್ಲ ಎಂದು ಇದೇ ಅಂಕಣದಲ್ಲಿ ಬರೆದು ಎಷ್ಟು ಸಲ ಬೈಸಿಕೊಂಡಿಲ್ಲ ನಾನು? ಈಗಲೂ ನಂಬುವುದಿಲ್ಲ. ಆದರೆ ಬೆಳಿಗ್ಗೆ ಬಾಗಿಲು ತೆಗೆದು ಹೊಸ್ತಿಲಾಚೆಯ ರಂಗೋಲಿ ನೋಡಲು ಈಚೆಗೆ ಸ್ವಲ್ಪ ಹೆದರಿಕೆಯಾಗುತ್ತದೆ.

ಮೊದಲಿನಿಂದ ಹೇಳುತ್ತೇನೆ. ನನ್ನ ಮಗಳು ಶೈಲಾ, ಹದಿಮೂರು ವರ್ಷ, ಎಂಟನೇ ಕ್ಲಾಸು. ಓದು ಪರವಾಗಿಲ್ಲ, ಮಾತು ಕಡಿಮೆ. ಅವಳ ಸ್ಕೂಲಿಗೆ ಹೊಸದಾಗಿ ಬಂದ ಪಿ.ಟಿ. ಮೇಷ್ಟ್ರು ರಾಜಣ್ಣನವರಿಗೆ ಬಿಲ್ಲುಗಾರಿಕೆಯ ಹುಚ್ಚು. (ಚಿಕ್ಕಬಳ್ಳಾಪುರಕ್ಕೆಲ್ಲ ಕ್ರಿಕೆಟ್ ಹುಚ್ಚು ಹಿಡಿದಿರುವಾಗ ಒಬ್ಬರಿಗಾದರೂ ಬೇರೆ ಹುಚ್ಚಿರಲಿ ಬಿಡಿ.) ಕಳವಾರದ ಹತ್ತಿರ ತಮ್ಮ ಹೊಲದಲ್ಲಿ, ಬದುವಿಗೆ ಹುಲ್ಲಿನ ಹೊರೆ ಒರಗಿಸಿ, ಅದರ ಮೇಲೆ ಬಣ್ಣದ ವೃತ್ತಗಳ ಕಾಗದ ಅಂಟಿಸಿ ನಾಲ್ಕು ಮಕ್ಕಳಿಗೆ ಕಲಿಸತೊಡಗಿದರು. ಬೆಂಗಳೂರಿನಲ್ಲಿ ಜೂನಿಯರ್ ಸೆಲೆಕ್ಷನ್ ನಡೆಯುತ್ತದೆ, ಕರೆದುಕೊಂಡು ಹೋಗುತ್ತೇನೆ ಎಂದರು.

ಯಾವತ್ತೂ ಏನನ್ನೂ ಕೇಳದ ಹುಡುಗಿ ಅವತ್ತು ಕೇಳಿದಳು. "ಅಪ್ಪ, ನಂಗೊಂದು ಬಿಲ್ಲು ಬೇಕು."

ಎಲ್ಲಿಂದ ತರುವುದು? ನಮ್ಮೂರಿನ ಸ್ಪೋರ್ಟ್ಸ್ ಅಂಗಡಿಯವರು, "ನಾಟಕಕ್ಕಾ ಸಾರ್, ಫ್ಯಾನ್ಸಿ ಡ್ರೆಸ್ಸಿಗಾ?" ಎಂದು ಕೇಳಿ ಬಂಗಾರದ ಬಣ್ಣದ ಕಾಗದ ಸುತ್ತಿದ ಬಿಲ್ಲು ತೋರಿಸಿದರು. ಗೌರಿಬಿದನೂರಿನಲ್ಲಿ ಷಟಲ್ ರ್‍ಯಾಕೆಟ್ ಇಳಿಸಿದರು. ಚಿಂತಾಮಣಿಯಲ್ಲಿ ಒಬ್ಬ ಮಹಾನುಭಾವ ಕ್ಯಾರಂ ಬೋರ್ಡ್ ತಂದಿಟ್ಟು, "ಇದ್ರಲ್ಲೂ ಗುರಿ ಇಟ್ಟೇ ಹೊಡೀಬೇಕಲ್ಲ ಸಾರ್" ಎಂದ. ಕೈ ಮುಗಿದು ಬಸ್ಸು ಹತ್ತಿದೆ.

ಕೊನೆಗೆ ಸಿಕ್ಕಿದವಳು ಶಿಡ್ಲಘಟ್ಟದ ವೆಂಕಟಮ್ಮ. ರೇಷ್ಮೆಹುಳು ಗೂಡು ಕಟ್ಟಲು ಬಿಡುತ್ತಾರಲ್ಲ, ಆ ಬಿದಿರಿನ ಚಂದ್ರಿಕೆ ಹೆಣೆಯುವುದು ಅವಳ ಕಸುಬು. ನಾವು ಹೋದಾಗ ಮನೆಯ ಮುಂದೆ ಕೂತು ಬಿದಿರು ಸೀಳುತ್ತಿದ್ದಳು. ಬಿಲ್ಲು ಬೇಕು ಎಂದೆ. ಅವಳು ಅಳತೆ ಟೇಪು ತೆಗೆಯಲಿಲ್ಲ, ವಯಸ್ಸು ಕೇಳಲಿಲ್ಲ. ಕೈಯಲ್ಲಿದ್ದ ಬಿದಿರಿನ ಸೀಳೊಂದನ್ನು ಸುಮ್ಮನೆ ಶೈಲಾಳ ಕಡೆ ಎಸೆದಳು. ಶೈಲಾ ಹಿಡಿದಳು. ವೆಂಕಟಮ್ಮ ಕತ್ತಿ ಕೆಳಗಿಟ್ಟಳು.

"ಈ ಪಾಪ ಎಡಮ ಚೆಯ್ಯಿ. ಎಡಗೈಯೋಳು ಸಾಮಿ."

"ಇಲ್ಲಮ್ಮ, ಬಲಗೈ."

"ಹಿಡ್ದಿದ್ದು ಎಡಗೈಲಿ ಅಲ್ವಾ?"

"ಬಲಗೈ ಅಂದ್ನಲ್ಲ." ನನ್ನ ದನಿ ಅಗತ್ಯಕ್ಕಿಂತ ಜೋರಾಗಿತ್ತು. ಶೈಲಾ ಸೀಳನ್ನು ಬಲಗೈಗೆ ಬದಲಾಯಿಸಿಕೊಂಡು ತಲೆ ತಗ್ಗಿಸಿದಳು. ವೆಂಕಟಮ್ಮ ಕೆಳಗಿಟ್ಟ ಕತ್ತಿ ಎತ್ತಿಕೊಂಡು, "ನಿಮ್ಮಿಷ್ಟ" ಎಂದು ಮತ್ತೆ ಕೆಲಸಕ್ಕೆ ಕೂತಳು.

ಎರಡು ವಾರದಲ್ಲಿ ಬಲಗೈಗೆ ತಕ್ಕ ಬಿಲ್ಲು ಮಾಡಿಕೊಟ್ಟಳು. ಹದವಾದ ಬಿದಿರು, ಹೊಸೆದ ರೇಷ್ಮೆಯ ಹೆದೆ. ಎರಡು ತಿಂಗಳು ಅಭ್ಯಾಸ ನಡೆಯಿತು. ಬಾಣಗಳು ಹುಲ್ಲಿನ ಹೊರೆಯೊಂದನ್ನು ಬಿಟ್ಟು ಪಕ್ಕದ ಅವರೆ ಸಾಲಿನಲ್ಲಿ ಎಲ್ಲೆಂದರಲ್ಲಿ ನಾಟಿದವು. "ಬಿಲ್ಲು ಚೆನ್ನಾಗೇ ಇದೆ ಸಾರ್. ಮಗೂ ಕೈಯೇ ಅವಳ ಮಾತು ಕೇಳ್ತಿಲ್ಲ" ಎಂದರು ರಾಜಣ್ಣ. ನಾನು ಕೇಳುವವನೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲೋಕಲ್ ಮಾಲು, ಇನ್ನೇನಾಗುತ್ತೆ ಎಂದುಬಿಟ್ಟೆ. ಈಗ ಎಲ್ಲರ ಬಾಯಲ್ಲೂ ಫಾರಿನ್ ಫಾರಿನ್ ಎನ್ನುವ ಕಾಲ. ನಾನೊಬ್ಬ ಯಾಕೆ ಹಿಂದೆ ಬೀಳಲಿ?

ನನ್ನ ಹೆಂಡತಿಯ ತಮ್ಮ ಶಂಕರ ಸರಕು ಹಡಗೊಂದರಲ್ಲಿ ಅಡುಗೆಯವನು. ರಜೆಗೆ ಬಂದವನು ಯಾವುದೋ ಬಂದರಿನ ಅಂಗಡಿಯಿಂದ ಬಿಲ್ಲುಗಳ ಕ್ಯಾಟಲಾಗ್ ತಂದಿದ್ದ. ನುಣುಪು ಕಾಗದ, ಬಣ್ಣದ ಫೋಟೋ. "ಫಾರಂ ತುಂಬಿಕೊಡಿ ಭಾವ, ಮುಂದಿನ ಸಲ ತಂದುಬಿಡ್ತೀನಿ" ಎಂದ.

ಫಾರಂ ತುಂಬುವುದಕ್ಕೆ ನನಗಿಂತ ಬೇಕೇ? ತಾಲ್ಲೂಕು ಕಚೇರಿಯ ಗುಮಾಸ್ತ ನಾನು. ಅರ್ಧ ಊರಿನ ಅರ್ಜಿ ತುಂಬಿದ ಕೈ ಇದು. ಎತ್ತರ, ತೋಳಿನ ಉದ್ದ, ಎಲ್ಲ ಬರೆದೆ. ಕೊನೆಯಲ್ಲಿ ಎರಡು ಚೌಕ: ಬಲಗೈ, ಎಡಗೈ. ಬಿಲ್ಲು ಹಿಡಿಯುವುದು ಯಾವ ಕೈಯಲ್ಲಿ? ಎಡಗೈಯಲ್ಲಿ ತಾನೇ? ಎಡಗೈ ಎಂದು ಟಿಕ್ ಹಾಕಿ, ನಾಲ್ಕು ಸಲ ಓದಿ, ಸಹಿ ಮಾಡಿದೆ.

ಹೋದ ತಿಂಗಳು ಬಿಲ್ಲು ಬಂತು. ಮರ, ಫೈಬರ್ ಸೇರಿಸಿ ಮಾಡಿದ್ದು, ಅಂಗೈಗೆ ಕೂರುವಂಥ ಹಿಡಿ. (ಬೆಲೆ ಹೇಳುವುದಿಲ್ಲ, ನನ್ನ ಹೆಂಡತಿ ಈ ಅಂಕಣ ಓದುತ್ತಾಳೆ.) ಕಳವಾರಕ್ಕೆ ಒಯ್ದೆವು. ರಾಜಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು.

"ಇದು ಎಡಗೈ ಬಿಲ್ಲು ಸಾರ್. ಹಿಡಿಯೋ ಕೈ ಲೆಕ್ಕ ಅಲ್ಲ. ಹೆದೆ ಎಳೆಯೋ ಕೈ ಲೆಕ್ಕ. ಇದನ್ನ ಬಲಗೈಲಿ ಹಿಡಿದು ಎಡಗೈಲಿ ಎಳೀಬೇಕು."

ನಾಲ್ಕು ಸಲ ಓದಿದ್ದೆ. ವಾಪಸ್ ಕಳಿಸೋಣವೆಂದರೆ ಹಡಗು ಅಷ್ಟರಲ್ಲಿ ಎಲ್ಲಿತ್ತೋ. ಸೆಲೆಕ್ಷನ್‌ಗೆ ಇನ್ನು ಇಪ್ಪತ್ತು ದಿನ. ನನಗೆ ಅಳು ಬರುವ ಹಾಗಾಯಿತು.

"ಒಂದ್ಸಲ ನೋಡ್ಲಾ?" ಎಂದಳು ಶೈಲಾ.

ಬಿಲ್ಲನ್ನು ಬಲಗೈಗೆ ತೆಗೆದುಕೊಂಡಳು. ಎಡಗೈ ಹೆದೆಗೆ ಹೋಯಿತು. ಹೇಗೆ ಹೇಳಲಿ? ಅವಳು ಕಳಿಸಿದ್ದಲ್ಲ. ಅದೇ ಹೋಯಿತು. ಮೊದಲ ಬಾಣ ಹೊರೆಗೆ ಧಬ್ಬೆಂದು ಬಡಿಯಿತು. ಎರಡನೆಯದಕ್ಕೂ ಅದೇ ಸದ್ದು. ಅಷ್ಟರಲ್ಲಿ ಬೆಟ್ಟದಿಂದ ಮಂಜು ಇಳಿಯಿತು. ಅಲ್ಲಿ ಅದು ಇಳಿಯುವುದು ಹಾಗೇ, ನೋಡನೋಡುತ್ತ. ಬದು ಮುಚ್ಚಿತು, ಹೊರೆ ಮುಚ್ಚಿತು.

"ಸಾಕಮ್ಮ, ನಿಲ್ಸು" ಎಂದರು ರಾಜಣ್ಣ. ಅವಳು ನಿಲ್ಲಿಸಲಿಲ್ಲ.

ಏನೂ ಕಾಣದ ಬಿಳುಪಿನೊಳಕ್ಕೆ ಬಾಣ ಬಿಟ್ಟಳು. ಧಬ್. ಮತ್ತೊಂದು. ಧಬ್. ನಾನು ಅವಳ ಮುಖ ನೋಡಿದೆ. ಕಣ್ಣು ಅರ್ಧ ಮುಚ್ಚಿತ್ತು. ತುಟಿಯ ಮೂಲೆಯಲ್ಲಿ ನಾಲಗೆಯ ತುದಿ ಹೊರಗೆ ಬಂದಿತ್ತು. ಹದಿಮೂರರ ಹುಡುಗಿಯ ಮುಖವಲ್ಲ ಅದು. ಆ ಮುಖವನ್ನು ನಾನು ಹಿಂದೆ ನೋಡಿದ್ದೆ.

ಮಂಜು ಸರಿದ ಮೇಲೆ ಹೋಗಿ ನೋಡಿದೆವು. ನಾಲ್ಕು ಬಾಣಗಳೂ ಪೊರಕೆ ಕಡ್ಡಿಯ ಹಾಗೆ ಒಂದೇ ಕಡೆ ಒತ್ತೊತ್ತಾಗಿ ನಿಂತಿದ್ದವು. ರಾಜಣ್ಣ ಬಾಣ ಕೀಳಲು ಹೋಗದೆ ನನ್ನನ್ನೇ ನೋಡಿದರು. "ಏನ್ ಸಾರ್ ಇದು?" ಎಂದರು, ಮೆಲ್ಲಗೆ.

ನನಗೆ ಗೊತ್ತಿತ್ತು. ನಿಮಗೂ ಈಗ ಹೇಳಬೇಕು.

ಶೈಲಾಗೆ ನಾಲ್ಕು ವರ್ಷವಿದ್ದಾಗ ಅವಳು ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಿದ್ದಳು. ಊಟ, ಆಟ, ನಾಲಗೆಯ ತುದಿ ಹೊರಗೆ ಹಾಕಿ ಬಳಪ ಹಿಡಿಯುವುದು. "ಎಡಗೈಲಿ ಉಣ್ಣೋ ಹುಡುಗೀನ ನಾಳೆ ಯಾರ ಮನೆಗೆ ಕಳಿಸ್ತೀಯೋ?" ಎಂದರು ನಮ್ಮಮ್ಮ. ಕೈಗೆ ಹೊಡೆದದ್ದಾಯಿತು, ಗದರಿದ್ದಾಯಿತು. ಕೊನೆಗೆ ಹಳೆಯ ಸೀರೆಯ ಅಂಚು ಹರಿದು, ಆ ಪುಟ್ಟ ಕೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿದೆವು. ಊಟದ ಹೊತ್ತಿಗೆ, ಸ್ಲೇಟು ಹಿಡಿಯುವ ಹೊತ್ತಿಗೆ. ಮೂರು ತಿಂಗಳು. ಹೇಳಿದ್ದು ಅಮ್ಮ, ಕಟ್ಟಿದ್ದು ನಾನು. ಎಷ್ಟೋ ಮನೆಗಳಲ್ಲಿ ಮಾಡುತ್ತಿದ್ದದ್ದೇ, ನಾವೇನು ಹೊಸದು ಮಾಡಿದೆವೇ? ಮಗು ಮೊದಮೊದಲು ಅತ್ತಿತು. ಆಮೇಲೆ ಅಳು ನಿಂತಿತು. ಮಾತೂ ಕಡಿಮೆಯಾಯಿತು. ಬುದ್ಧಿ ಬಂತು ಎಂದುಕೊಂಡೆವು.

ಕಳವಾರದಿಂದ ಬಂದ ಮೇಲೆ ಮನೆ ಬದಲಾಯಿತು. ನೀರಿನ ಲೋಟ ತಟ್ಟೆಯ ಎಡಕ್ಕೆ ಬಂತು. ಚಿಲಕ ತೆಗೆದದ್ದು, ಬಟ್ಟೆ ಮಡಿಸಿದ್ದು, ಎಲ್ಲ ತಿರುಗುಮುರುಗು. ಕೇಳಿದರೆ ಶೈಲಾ, "ನಾನು ಗಮನಿಸ್ಲೇ ಇಲ್ಲ ಅಪ್ಪ" ಎನ್ನುತ್ತಾಳೆ. ಒಂದು ಬೆಳಿಗ್ಗೆ ಅಮ್ಮ ಹೊಸ್ತಿಲಲ್ಲಿ ನಿಂತೇ ಇದ್ದರು. ಹೊರಗೆ ದಿನಾ ಹಾಕುವ ಬಳ್ಳಿಯ ರಂಗೋಲಿಯೇ, ಕನ್ನಡಿಯಲ್ಲಿ ನೋಡಿದ ಹಾಗೆ ಹಿಂದುಮುಂದಾಗಿತ್ತು.

"ಇದನ್ನ ಯಾರೋ ಹಾಕಿದ್ದು?"

"ಶೈಲಾ ಕಣಮ್ಮ."

"ಶೈಲಾ ಅಲ್ಲ ಕಣೋ" ಎಂದು ಅಮ್ಮ ದಾಟದೆ ಒಳಗೆ ಹೋದರು.

ಅದಾದ ಎರಡು ದಿನಕ್ಕೆ ಅವಳ ವಿಜ್ಞಾನದ ನೋಟ್‌ಬುಕ್ಕಿಗೆ ಬೈಂಡ್ ಹಾಕುತ್ತಿದ್ದೆ. ಮುಂದಿನ ಪುಟಗಳಲ್ಲೆಲ್ಲ ಅವಳ ಮುದ್ದಾದ ಸಾಲುಗಳು. ಕೊನೆಯ ಪುಟದಲ್ಲಿ, ಪುಟದ ತುಂಬ, ದಪ್ಪಗೆ, ಸೊಟ್ಟಸೊಟ್ಟಗೆ: ಅ ಆ ಇ ಈ. ನಾಲ್ಕು ವರ್ಷದ ಮಗುವಿನ ಅಕ್ಷರ. ಉ ಇರಲಿಲ್ಲ. ನಾನು ಕೈ ಕಟ್ಟಿದಾಗ ಅವಳು ಕಲಿತಿದ್ದದ್ದು ಅಷ್ಟೇ. ಯಾರೋ ಎದ್ದು ಬಂದು, ನಿಂತಲ್ಲಿಂದ ಪಾಠ ಮುಂದುವರಿಸುತ್ತಿದ್ದಾರೆ. ಪುಸ್ತಕ ಮುಚ್ಚಿಟ್ಟು ಕೈ ತೊಳೆದುಕೊಂಡು ಬಂದೆ. ಯಾಕೆ ತೊಳೆದೆ ಎಂದು ಕೇಳಬೇಡಿ.

ಸೆಲೆಕ್ಷನ್ ಹತ್ತಿರ ಬಂತು. ರಾಜಣ್ಣ ಕೇಳಿದರು, "ಯಾವ ಬಿಲ್ಲು ಸಾರ್? ಬಿದಿರಿಂದು ತಗೊಂಡ್ರೆ ಹೋಗಿ ಬರೋದು ಅಷ್ಟೇ. ಇದು ತಗೊಂಡ್ರೆ ಸಿಗಬಹುದು." ಅಮ್ಮ ಒಂದೇ ಹಟ: ನಾಲ್ಕು ಜನರ ಮುಂದೆ ಎಡಗೈ ಬೇಡ, ಆ ಕೈ ಮತ್ತೆ ಎದ್ದರೆ ಮಲಗುವುದಿಲ್ಲ. ನಿಜ ಹೇಳುತ್ತೇನೆ, ನನಗೂ ಬೇಡ ಅನಿಸಿತ್ತು. ಅದು ಸಂಪ್ರದಾಯಕ್ಕಲ್ಲ, ಭಯಕ್ಕೆ. ಆ ಕೈಗೆ ನನ್ನ ಪರಿಚಯವಿದೆಯಲ್ಲ.

ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ. "ಚಿಕ್ಕೋಳಿದ್ದಾಗ ನಿನ್ನ ಕೈ ಕಟ್ತಿದ್ದೆ. ನೆನಪಿದೆಯೇನಮ್ಮ?"

"ನಂಗಿಲ್ಲಪ್ಪ" ಎಂದಳು. ಸ್ವಲ್ಪ ಯೋಚಿಸಿ, "ಕೈಗಿರಬೋದು" ಎಂದಳು.

ಹಡಗಿನ ಬಿಲ್ಲನ್ನೇ ತೆಗೆದುಕೊಂಡು ಹೊರಟೆವು.

ಈಗ ನೀವು ಕೇಳುತ್ತೀರಿ, ಫಾರಿನ್ ಮಾಲು ಒಳ್ಳೆಯದೋ, ಲೋಕಲ್ ಮಾಲು ಒಳ್ಳೆಯದೋ? ಶಿಡ್ಲಘಟ್ಟದ ವೆಂಕಟಮ್ಮ ಒಂದು ಬಿದಿರಿನ ಸೀಳು ಎಸೆದು ನನ್ನ ಮಗಳು ಯಾರೆಂದು ಕಂಡುಕೊಂಡಳು. ಅವಳ ಬಾಯಿ ಮುಚ್ಚಿಸಲು ನನಗೆ ಸಾಧ್ಯವಾಯಿತು, ಯಾಕೆಂದರೆ ನಾನು ಎದುರಿಗಿದ್ದೆ. ಸಮುದ್ರದಾಚೆಯ ಅಂಗಡಿಯವರು ಮಗುವನ್ನು ನೋಡಲಿಲ್ಲ, ನನ್ನ ದನಿಗೆ ಅಂಜಲಿಲ್ಲ, ಟಿಕ್ ಇದ್ದದ್ದನ್ನು ಕಳಿಸಿದರು. ಎರಡೂ ಅಂಗಡಿ ಸರಿಯಾಗಿಯೇ ಇದ್ದವು. ಗಿರಾಕಿ ಸರಿಯಿರಲಿಲ್ಲ.

ಸೆಲೆಕ್ಷನ್ ಆಯಿತು. ಪಟ್ಟಿಯ ಕೊನೆಯ ಹೆಸರು ಅವಳದು. ಕೊನೆಯದಾದರೇನು, ಹೆಸರು ಹೆಸರೇ. ರಾಜಣ್ಣ ಬೆಂಗಳೂರಿನಲ್ಲೇ ಉಳಿದರು. ನಾವಿಬ್ಬರೂ ಮೆಜೆಸ್ಟಿಕ್ಕಿನಲ್ಲಿ ಚಿಕ್ಕಬಳ್ಳಾಪುರದ ಬಸ್ಸಿಗೆಂದು ರಸ್ತೆ ದಾಟುತ್ತಿದ್ದೆವು. ಶೈಲಾ ಎಂದೂ ಇಲ್ಲದ ಹಾಗೆ ಒಂದೇ ಸಮನೆ ಮಾತಾಡುತ್ತಿದ್ದಳು. ಬಸ್ಸು, ಬೋರ್ಡು, ಹಸಿವು, ಎಲ್ಲದರ ಬಗ್ಗೆ. ಹಾಗೆ ಮಾತಾಡುತ್ತಲೇ, ನನ್ನ ಕಡೆ ನೋಡದೆ, ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು. ಮಕ್ಕಳು ಹಿಡಿಯುವಂಥ ಹಿಡಿತ, ಇದ್ದ ಶಕ್ತಿಯನ್ನೆಲ್ಲ ಹಾಕಿ. ರಸ್ತೆ ದಾಟಿದೆವು, ಬಸ್ಸು ಹತ್ತಿದೆವು, ಸೀಟು ಸಿಕ್ಕಿತು. ಅವಳಿಗೆ ನಿದ್ದೆ ಬಂತು. ಕೈ ಬಿಡಲಿಲ್ಲ. ಬಿಡಿಸಿಕೊಳ್ಳಲು ನೋಡಿದೆ, ಇನ್ನಷ್ಟು ಬಿಗಿಯಿತು.

ಅದು ನನ್ನನ್ನು ಹಿಡಿದದ್ದು ಕ್ಷಮಿಸುವುದಕ್ಕೋ, ನಾನು ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳುವುದಕ್ಕೋ?