ಅಟ್ಟದ ಕಾಯಿ, ತೆರೆಯದ ಪೋರ್ಟ್

ನಮ್ಮ ಕಡೆ ಮನೆಗೆ ಬೀಗ ಹಾಕುವ ಮೊದಲು ಮೇನ್ ಸ್ವಿಚ್ ಇಳಿಸುತ್ತಾರೆ. ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ, ಒಣಗಿದ ಮಟ್ಟೆ. ಒಂದು ಕಿಡಿ ಸಾಕು. ಅಕ್ಕನ ಹೆರಿಗೆಗೆ ತುಮಕೂರಿಗೆ ಹೊರಟ ದಿನ ನಾನು ಅಮ್ಮನೊಂದಿಗೆ ವಾದಿಸಿ ಗೆದ್ದಿದ್ದೆ: ಮೇನ್ ಹಾಗೇ ಇರಲಿ, ಅಟ್ಟದಲ್ಲಿ ಕ್ಯಾಮೆರಾ ಇದೆ, ಅದಕ್ಕೊಂದು ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್ ಇದೆ, ಆಸ್ಪತ್ರೆಯಲ್ಲೇ ಕೂತು ನೋಡಬಹುದು.

ಹೆರಿಗೆಯಾದ ಮರುದಿನ ಬೆಳಿಗ್ಗೆ ಸುದ್ದಿ ಬಂತು, ನಮ್ಮ ಹಂದನಕೆರೆ ಕಡೆಯೆಲ್ಲ ರಾತ್ರಿ ಗಾಳಿಮಳೆಯಂತೆ. ಹೆಂಚು ಹಾರಿದ್ದರೆ ವರ್ಷದ ಕಾಯಿ ನೆಂದು ಕೊಳೆಯುತ್ತದೆ. ಬಾಣಂತಿಯನ್ನು ಬಿಟ್ಟು ಊರಿಗೆ ಹೋಗಬೇಕೋ ಬೇಡವೋ, ಅಮ್ಮನಿಗೆ ಅಷ್ಟು ಗೊತ್ತಾಗಬೇಕಿತ್ತು.

“ಕಾಣ್ತೈತೇನೇ?”

“ತಡಿಯಮ್ಮ.”

ಮನೆಯ ಕಂಪ್ಯೂಟರನ್ನು ಹೊರಗಿನಿಂದ ನೇರ ಮುಟ್ಟಲಾಗದು. ಅದೇ ಹೊರಗೆ ಬಂದು, ನಾನು ಬಾಡಿಗೆಗೆ ಪಡೆದ ಸರ್ವರಿನಲ್ಲಿ ಒಂದು ಪೋರ್ಟ್ ತೆರೆದಿಡಬೇಕು. ಆ ಬಾಗಿಲಿನಿಂದ ನಾನು ಒಳಹೋಗಬೇಕು. ಎಸ್‌ಎಸ್‌ಎಚ್ ಸುರಂಗವೆಂದರೆ ಇಷ್ಟೇ. ಪೋರ್ಟ್ ತೆರೆದೇ ಇತ್ತು, ಆಚೆಯಿಂದ ಉಸಿರಿಲ್ಲ. ರಾತ್ರಿ ಕರೆಂಟು ಹೋಗಿ ಬಂದಾಗ ಹಳೆಯ ಸಂಪರ್ಕ ಸತ್ತೂ ಜಾಗ ಬಿಟ್ಟಿರಲಿಲ್ಲ. ಅದನ್ನು ಕೊಂದೆ. ಈಗ ‘ಕನೆಕ್ಷನ್ ರಿಫ್ಯೂಸ್ಡ್’: ಬಾಗಿಲಲ್ಲಿ ಯಾರೂ ಇಲ್ಲ. ಮನೆಯ ಯಂತ್ರ ಶುರುವಾದಾಗ ಒಂದೇ ಸಲ ಪೋರ್ಟ್ ಕೇಳುತ್ತದೆ. ಸಿಗದಿದ್ದರೆ ಸುಮ್ಮನೆ ಕೂರುತ್ತದೆ; ರಾತ್ರಿ ಆದದ್ದೂ ಅದೇ. ಅದನ್ನು ಆರಿಸಿ ಹೊತ್ತಿಸಬೇಕು. ಕಾರಣ ಇಷ್ಟು ಸ್ಪಷ್ಟ, ಕೈ ಮಾತ್ರ ಎಟುಕದು.

ಬೀಗದ ಕೈ ಅಮ್ಮನ ಸೊಂಟದಲ್ಲಿತ್ತು. ಆದರೆ ಮೇನ್ ಇರುವುದು ಜಗಲಿಯಲ್ಲಿ. ಪಕ್ಕದ ಮನೆಯ ದೊಡ್ಡಪ್ಪನಿಗೆ ಫೋನು ಮಾಡಿದೆ.

“ದೊಡ್ಡಪ್ಪ, ಹೆಂಚು ಸರಿಯಾಗೈತಾ?”

“ಮುಂದ್ಲುದು ಸರಿಯಾಗೈತೆ. ಹಿಂದ್ಲುದು ನಂಗೆಲ್ಲಿ ಕಾಣ್ತದವ್ವ, ಕಣ್ಣು ಮಂಜು.”

“ಹಂಗಾದ್ರೆ ಮೇನು ಇಳ್ಸಿ, ತಿರ್ಗ ಎತ್ತು.”

“ಇಳ್ಸಿದೆ.”

“ಈಗ ಎತ್ತು.”

“ಎತ್ತಾದಾ? ಯಾರೂ ಇಲ್ದ ಮನೆ, ಮೇಲೆ ಕಾಯಿ! ಇಷ್ಟ್ ದಿನ ಹಂಗೇ ಬುಟ್ಟಿದ್ರಾ? ನಿಮ್ಮವ್ವಂಗೂ ಬುದ್ಧಿ ಬ್ಯಾಡ್ವಾ?”

ವೈರಿಂಗ್ ಹೊಸದು, ಕಿಡಿ ಹಾರುವ ಸಂಭವವೇ ಇಲ್ಲ ಎಂದು ಅಂಶ ಅಂಶವಾಗಿ ವಾದಿಸಿದೆ. ಚರ್ಚಾಸ್ಪರ್ಧೆಯಾಗಿದ್ದರೆ ಕಪ್ ನನ್ನದೇ.

“ಹತ್ಕೊಂಡ್ರೆ ತುಮಕೂರಿಂದ ನೀರು ಹುಯ್ತೀಯೇನವ್ವ?” ಎಂದು ಫೋನಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಎಲ್ಲ ಕೇಳಿಸಿಕೊಂಡಿದ್ದ ಅಮ್ಮ ಚೀಲ ಹೆಗಲಿಗೇರಿಸಿದಳು. “ಹುಳಿಯಾರು ಬಸ್ಸು ಸಿಕ್ತದೆ, ಹೋಗಿ ಬತ್ತೀನಿ. ಬಿಸಿನೀರು ಫ್ಲಾಸ್ಕಲ್ಲೈತೆ. ಅಕ್ಕಂಗೆ ತಣ್ಣೀರು ಕೊಟ್ಟೀಯ, ಹುಷಾರು.”

ಹೋಗಬೇಕಿತ್ತೋ ಇಲ್ಲವೋ, ನನಗೂ ಗೊತ್ತಿರಲಿಲ್ಲ. ಮತ್ತೊಮ್ಮೆ ಪೋರ್ಟ್ ತಟ್ಟಿದೆ. ರಿಫ್ಯೂಸ್ಡ್.

ಅಕ್ಕ ಕಣ್ಣು ಬಿಟ್ಟು, “ಅಮ್ಮ ಎಲ್ಲೇ?” ಎಂದಳು. ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.