ಕಣ್ಣಿಗೆ ಬೀಳದ ಸೇತುವೆ

ಯಾರ ಕಣ್ಣಿಗೂ ಬೀಳಬಾರದೆಂದು ಒಂದು ಕೆಲಸ ಮಾಡಿ, ಅದು ನಿಜವಾಗಿಯೂ ಯಾರ ಕಣ್ಣಿಗೂ ಬೀಳದೇ ಹೋದಾಗ ಮುಖ ಊದಿಸಿಕೊಳ್ಳುವವರನ್ನು ನೀವು ನೋಡಿಲ್ಲವಾದರೆ ನನ್ನನ್ನು ನೋಡಬಹುದು. ನಾನು ಸೇತುವೆಗಳ ನಕ್ಷೆ ಬರೆಯುವ ಇಂಜಿನಿಯರು.

ಗುಂಡ್ಲುಪೇಟೆ ಕಡೆ ಒಂದು ರಸ್ತೆ ಪ್ರತಿ ಮಳೆಗಾಲದಲ್ಲೂ ಹಳ್ಳದ ನೀರಲ್ಲಿ ಮುಳುಗುತ್ತಿತ್ತು. ಮಣ್ಣು ಸುರಿದು ಎತ್ತರಿಸಿದರೆ ನೀರು ಹೊಲಗಳಿಗೆ ನುಗ್ಗುತ್ತದೆ. ಹಾಗಾಗಿ ಕಂಬಗಳ ಮೇಲೆ ಉದ್ದಕ್ಕೂ ರಸ್ತೆ ಹಾಯಿಸಬೇಕು. ಆದರೆ ಅದು ತಟ್ಟೆಯಂಥ ನೆಲ. ಚೆಂಡುಹೂವು, ಸೂರ್ಯಕಾಂತಿ, ಅದರಾಚೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅಲ್ಲಿ ಕಾಂಕ್ರೀಟು ಎದ್ದು ನಿಂತರೆ ಊಟದೆಲೆಯ ಮಧ್ಯೆ ಚಪ್ಪಲಿ ಇಟ್ಟಂತೆ. ಅದಕ್ಕೇ ಹುಲ್ಲು ಹೇರಿದ ಟ್ರ್ಯಾಕ್ಟರು ನುಸುಳುವಷ್ಟೇ ಎತ್ತರ, ತೆಳ್ಳನೆಯ ಕಂಬ, ಉತ್ತ ಹೊಲದ ಬಣ್ಣ ಇಟ್ಟುಕೊಂಡೆ.

ಊರ ಸಭೆಯಲ್ಲಿ ಹಿರಿಯ ರೈತ ಗುರುಮಲ್ಲಪ್ಪನವರು ನಾನು ಬರೆದು ತಂದ ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಎಲ್ಲವ್ವಾ ಬ್ರಿಡ್ಜು?"

"ಇದೇ ಯಜಮಾನ್ರೇ, ಈ ಗೆರೆ."

"ಇಷ್ಟ್ ವರ್ಸ ನೀರಲ್ ಬಿದ್ದೂ ಎದ್ದೂ ಬ್ರಿಡ್ಜ್ ತಂದೀವಿ, ನೀವದ್ನ ಬಚ್ಚಿಡ್ತಾ ಇದ್ದೀರಲ್ಲಾ! ನೆಂಟ್ರು ಬಂದ್ರೆ ಏನ್ ತೋರ್ಸನ? ಮ್ಯಾಲೆ ಕಮಾನ್ ಕಟ್ಬುಡಿ, ಕಲರ್ ಲೈಟ್ ಆಕ್ಬುಡಿ."

ನಾನು ಸೌಂದರ್ಯಶಾಸ್ತ್ರವನ್ನೆಲ್ಲ ಹೇಳಿದೆ. ಯಾರೂ ಕದಲಲಿಲ್ಲ. ಸೋತು, "ಕಮಾನು ಬಂದರೆ ಬೆಟ್ಟ ಮರೆಯಾಗುತ್ತದೆ" ಎಂದೆ. ಗುರುಮಲ್ಲಪ್ಪನವರು ಕಿಟಕಿಯಾಚೆ ನೋಡಿ ಕೆನ್ನೆ ಕೆರೆದುಕೊಂಡರು. "ಓಗ್ಲಿ ಬುಡಿ. ದೇವ್ರಿಗ್ಯಾಕ್ ಅಡ್ಡ." ನನ್ನ ಪದವಿ ಗೆಲ್ಲಿಸದ ವಾದವನ್ನು ಗೋಪಾಲಸ್ವಾಮಿ ಗೆಲ್ಲಿಸಿಕೊಟ್ಟ.

ಸೇತುವೆ ಮುಗಿದ ಮೇಲೆ ತೋರಿಸಲೆಂದು ನಮ್ಮೂರು ಕುದೇರಿನಿಂದ ಅವ್ವನನ್ನು ಕಾರಲ್ಲಿ ಕೂರಿಸಿಕೊಂಡು ಹೊರಟೆ. ಅವ್ವ ದಾರಿಯುದ್ದಕ್ಕೂ ತನ್ನ ನಾದಿನಿಯ ಸಂಸಾರವನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಸೇತುವೆ ಬಂತು, ಮುಗಿಯಿತು, ನಾದಿನಿ ಮುಗಿಯಲಿಲ್ಲ. ಕೊನೆಗೊಮ್ಮೆ ಅವ್ವ ಕೇಳಿದಳು:

"ನಿನ್ ಬ್ರಿಡ್ಜ್ ಇನ್ನೂ ಎಷ್ಟ್ ದೂರ ಕಣಮ್ಮಿ?"

"ಆಗ್ಲೇ ದಾಟಾಯ್ತು."

"ಸುಳ್ಳೇಳ್ಬ್ಯಾಡ."

ಇಂಜಿನಿಯರು ಗೆದ್ದಳು, ಮಗಳು ಸೋತಳು. ಬೇಲೂರಿನ ಶಿಲ್ಪಿಗಳು ಜಾಣರು, ಕೆತ್ತಿದ್ದರ ಬುಡದಲ್ಲೇ ತಮ್ಮ ಹೆಸರನ್ನೂ ಕೆತ್ತಿಟ್ಟರು. ನಾನು ಮುನಿಸಿಕೊಂಡು ಕಾರು ತಿರುಗಿಸಿ, ಅವ್ವನನ್ನು ಸೇತುವೆಯ ಕೆಳಗೇ ಇಳಿಸಿದೆ.

ಅಲ್ಲಿ ಹೂ ಕೀಳುವ ಹೆಂಗಸರು ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಅವ್ವ ಒಂದು ಕಂಬವನ್ನು ಎಮ್ಮೆಯ ಬೆನ್ನು ತಟ್ಟುವಂತೆ ತಟ್ಟಿ ನೋಡಿ, "ಇದ್ನ ನಮ್ ಮಗ್ಳೇ ಮಾಡಿರದು" ಎಂದಳು. ನಾನು ವಿನಯದಿಂದ ತಲೆ ತಗ್ಗಿಸಿ, ಹೊಗಳಿಕೆಗೆ ಕಿವಿ ತೆರೆದು ನಿಂತೆ.

ಅವರಲ್ಲಿ ಹಿರಿಯಾಕೆ ನನ್ನನ್ನು ದಿಟ್ಟಿಸಿದಳು. "ನೀವೇನಾ? ಸಿಕ್ಕಿದ್ದು ಒಳ್ಳೇದಾಯ್ತು. ಈ ನೆಳ್ಳು ಮದ್ಯಾನ ಆದ್ಮೇಲೆ ನಮ್ ಹೊಲ ಬುಟ್ಟು ಪಕ್ಕದೋರ್ ಹೊಲಕ್ ಓಯ್ತದೆ. ಅವ್ರ್ಗೂ ನಮ್ಗೂ ಮಾತಿಲ್ಲ. ಒಸಿ ಸರಿ ಮಾಡ್ಬುಡಿ."

"ಅದು ಸೂರ್ಯನ ಇಲಾಖೆ ಕಣಮ್ಮಾ, ನನ್ನ ಕೈಲಿಲ್ಲ."

"ಎಲ್ಲಾ ಆಪೀಸ್ನೋರೂ ಇಂಗೇ ಅನ್ನದು" ಎಂದು ಆಕೆ ಮುದ್ದೆ ಮುರಿದಳು.

ಅವ್ವ ಆಗಲೇ ಆಕೆಯ ಪಕ್ಕ ಕೂತು, ಆ ಪಕ್ಕದ ಹೊಲದವರ ಜೊತೆ ಮಾತು ಬಿಟ್ಟಿದ್ದು ಯಾಕೆಂದು ವಿಚಾರಿಸತೊಡಗಿದ್ದಳು. ನನ್ನ ಸೇತುವೆ ಮತ್ತೊಮ್ಮೆ ಮಾಯವಾಯಿತು. ಈ ಸಲ ಅಷ್ಟೇನೂ ಬೇಜಾರಾಗಲಿಲ್ಲ. ನಾನೂ ಚಪ್ಪಲಿ ಬಿಟ್ಟು ಕೂತೆ. ನೆರಳು ಚೆನ್ನಾಗಿತ್ತು, ಜಗಳದ ಕಥೆ ಇನ್ನೂ ಚೆನ್ನಾಗಿತ್ತು.